ಪಂಪು ಹಾಕಿದರೆ ದೀಪ ಮಂಕು

ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಸೀಟು ಕಿತ್ತು, ಮಂಚ, ಸಿಂಕು, ಪುಟ್ಟ ಫ್ರಿಜ್ಜು ಕೂರಿಸಿ ಸಂಚಾರಿ ಮನೆ ಮಾಡಿಕೊಂಡಿರುವ ನಮ್ಮ ಭಾವನವರಿಗೆ ಘಾಟಿಯ ಭಯವಿಲ್ಲ, ಮಳೆಯ ಭಯವಿಲ್ಲ. (ಆರ್‌ಟಿಒ ಕಾಗದಪತ್ರದ ಪುರಾಣ ಬೇರೆ, ಅದನ್ನಿಲ್ಲಿ ಬಿಚ್ಚುವುದು ಬೇಡ.) ಅವರನ್ನು ಕಂಗೆಡಿಸಿದ್ದು ಆ ಫ್ರಿಜ್ಜು. ಹಗಲೆಲ್ಲ ತಣ್ಣಗೆ ದುಡಿಯುವುದು, ಕತ್ತಲಾದ ಮೇಲೆ ಮನಸ್ಸು ಬಂದಾಗ ಮುಷ್ಕರ ಹೂಡುವುದು. ಗ್ಯಾರೇಜು ತೆರೆದಿರುವುದು ಹಗಲಿನಲ್ಲಿ. ಎಲೆಕ್ಟ್ರಿಷಿಯನ್ ಬಂದು ನೋಡುವ ಹೊತ್ತಿಗೆ ಅದರಷ್ಟು ಸಾಧು ಇನ್ನೊಂದಿಲ್ಲ. ‘ಏನೂ ಪ್ರಾಬ್ಲಮ್ ಇಲ್ವಲ್ಲ ಸಾರ್.’

ಭಾವ ಥರ್ಮೋಸ್ಟಾಟ್ ಬದಲಿಸಿದರು. ಮನೆಯ ಇನ್ವರ್ಟರಿನಿಂದ ತಂದಿದ್ದ ಟ್ಯೂಬ್ಯುಲರ್ ಬ್ಯಾಟರಿಯನ್ನು ಅನುಮಾನಿಸಿ ನೀರು ಹಾಕಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಚಿಕಿತ್ಸೆ ಇನ್ನೂ ಎಷ್ಟು ದಿನ ನಡೆಯುತ್ತಿತ್ತೋ! ಪಾತ್ರೆ ತೊಳೆಯುತ್ತಿದ್ದ ಅಕ್ಕ ಒಂದು ರಾತ್ರಿ ಅಂದಳು: ‘ನಾನು ನಲ್ಲಿ ತಿರುಗಿಸಿದಾಗಲೇ ಅದು ನಿಲ್ಲೋದು ಕಣ್ರೀ. ದೀಪಾನೂ ಮಂಕಾಗತ್ತೆ, ನೋಡಿ ಬೇಕಾದ್ರೆ.’

ನೀರಿನ ಪಂಪಿಗೂ ಫ್ರಿಜ್ಜಿಗೂ ಏನು ಸಂಬಂಧ? ತಂತಿ ಬೇರೆ, ಫ್ಯೂಸು ಬೇರೆ. ಆದರೆ ಕರೆಂಟು ಹೋದರೆ ಸಾಲದು, ಹಿಂತಿರುಗಬೇಕು. ಆ ಹಿಂದಾರಿ ಇಬ್ಬರಿಗೂ ಒಂದೇ, ವ್ಯಾನಿನ ಕಬ್ಬಿಣದ ಬಾಡಿ ಮತ್ತು ಅದಕ್ಕೆ ಬಿಗಿದ ಒಂದು ಬೋಲ್ಟು. ಮೀಟರನ್ನು ಓಮ್‌ಗೆ ತಿರುಗಿಸಿ ಆ ಬೋಲ್ಟಿಗೆ ಹಿಡಿದರೆ ಹೆಚ್ಚುಕಡಿಮೆ ಸೊನ್ನೆ. ಮೀಟರು ತಾನು ಹರಿಸುವ ಚೂರು ಕರೆಂಟಿನಲ್ಲಿ ಅಳೆಯುತ್ತದೆ, ಅದರ ಕಡ್ಡಿಗಳ ರೆಸಿಸ್ಟೆನ್ಸೇ ಇಂಥ ಕಳ್ಳತನವನ್ನು ಮುಚ್ಚಿಹಾಕುವಷ್ಟಿರುತ್ತದೆ. ಹಿಡಿಯಬೇಕಾದರೆ ಎಲ್ಲ ಓಡುತ್ತಿರುವಾಗಲೇ ವೋಲ್ಟ್ ನೋಡಬೇಕು: ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಬಾಡಿಗೆ. ಎರಡೂ ನಿಂತಿದ್ದಾಗ ಸೊನ್ನೆ. ಫ್ರಿಜ್ಜಿನ 5 ಆಂಪಿಯರ್, ಪಂಪಿನ 7 ಆಂಪಿಯರ್ ಒಟ್ಟಿಗೆ ಹರಿದಾಗ 1.4 ವೋಲ್ಟ್! ಅಂದರೆ ಆ ಬೋಲ್ಟಿನಲ್ಲಿ ಸುಮಾರು 17 ವಾಟ್ ಬರಿದೇ ಬಿಸಿಯಾಗುತ್ತಿದೆ, ಸಣ್ಣ ಸೋಲ್ಡರಿಂಗ್ ಐರನ್ನಿನಷ್ಟು. ಮುಟ್ಟಿದ ಭಾವ ಬೆರಳು ಕೊಡವಿಕೊಂಡರು.

ಮನೆಯ ವೈರಿಂಗಿನ ಅಂದಾಜು ವ್ಯಾನಿನಲ್ಲಿ ನಡೆಯುವುದಿಲ್ಲ. 60 ವಾಟಿಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು. 12 ವೋಲ್ಟಿನಲ್ಲಿ 5 ಬೇಕು. ಅಲ್ಲಿ ಒಂದು ವೋಲ್ಟ್ ಸೋರಿದರೆ ಯಾರಿಗೂ ತಿಳಿಯದು, ಇಲ್ಲಿ ಹನ್ನೆರಡರಲ್ಲಿ ಒಂದು ಪಾಲೇ ಹೋಯಿತು. ಭಾವ ಫ್ರಿಜ್ಜಿಗೆ ಎಳೆದಿದ್ದೋ, ಮನೆಯಲ್ಲಿ ದೀಪಗಳಿಗೆ ಹಾಕುವ 1 ಚದರ ಮಿಲಿಮೀಟರಿನ ತಂತಿ. ಅದರ ಐದು ಮೀಟರು ಇನ್ನೊಂದು ಅರ್ಧ ವೋಲ್ಟಿನಷ್ಟು ತಿನ್ನುತ್ತಿತ್ತು. ರಾತ್ರಿ ಬ್ಯಾಟರಿ 12ಕ್ಕೆ ಇಳಿದಿದ್ದರೆ ಫ್ರಿಜ್ಜಿನ ಬಾಯಿಗೆ ಬೀಳುವುದು ಹತ್ತು ಚಿಲ್ಲರೆ. ಅದರೊಳಗಿನ ಬಿಡಿ35 ಕಂಪ್ರೆಸರು ಬ್ಯಾಟರಿ ಕೆಡದಿರಲೆಂದು 10.4ಕ್ಕೆ ಆರುತ್ತದೆ, 11.7 ಆಗುವವರೆಗೆ ಏಳುವುದಿಲ್ಲ. ನಲ್ಲಿ ನಿಂತರೆ ವೋಲ್ಟೇಜ್ ಏರಿ ತಾನೇ ಎಚ್ಚರವಾಗುತ್ತದೆ. ಹಗಲಲ್ಲಿ ಸೋಲಾರ್ ಹದಿಮೂರೂವರೆ ಕೊಡುವಾಗ ಇಷ್ಟೆಲ್ಲ ಸೋರಿಯೂ ಸಾಕಷ್ಟು ಉಳಿಯುತ್ತಿತ್ತು. ಪಾಪ, ಫ್ರಿಜ್ಜಿನಷ್ಟು ಶಿಸ್ತಿನ ಪ್ರಾಣಿ ಆ ವ್ಯಾನಿನಲ್ಲಿ ಬೇರೆ ಇರಲಿಲ್ಲ.

ಬೋಲ್ಟು ಬಿಚ್ಚಿದರೆ ಥಿಂಬಲ್ಲಿನ ಕೆಳಗೆ ಕಂಪನಿಯ ಬಣ್ಣ ಹೊಳೆಯುತ್ತಿತ್ತು. ಕರೆಂಟೆಲ್ಲ ಬೋಲ್ಟಿನ ಮರೆಗಳ ಸಂದಿಯಲ್ಲೇ ನುಸುಳಬೇಕಿತ್ತು. ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸು ಸವರಿ, ಫ್ರಿಜ್ಜಿಗೆ ದಪ್ಪ ತಂತಿ ಎಳೆದೆವು. ಖರ್ಚಿನಲ್ಲಿ ಥರ್ಮೋಸ್ಟಾಟಿನದೇ ಸಿಂಹಪಾಲು, ಅದೂ ವ್ಯರ್ಥ.

ಈಗ ಭಾವನವರ ದೂರು ರೇಡಿಯೊ ಮೇಲೆ. ಮೀಡಿಯಂ ವೇವಿನಲ್ಲಿ ಭದ್ರಾವತಿ ಆಕಾಶವಾಣಿ ಸಂಜೆ ಸ್ಪಷ್ಟ, ಬಿಸಿಲೇರಿದರೆ ಬರೀ ಗುಂಯ್. ನನಗೆ ಸೋಲಾರ್ ಚಾರ್ಜರಿನ ಮೇಲೆ ಗುಮಾನಿ. ಅಕ್ಕನನ್ನು ಕೇಳಿದೆ. ‘ಮೋಡ ಮುಚ್ಚಿದಾಗ್ಲೂ ಚೆನ್ನಾಗೇ ಕೇಳತ್ತೆ’ ಅಂದಳು. ಫೆರೈಟ್ ಬಳೆ ತರಲು ಭಾವನವರನ್ನು ಅಂಗಡಿಗೆ ಕಳಿಸಿದ್ದೇನೆ.