ಅವ್ವನ ಜೊತೆ ಹಗಲಲ್ಲಿ ಯಾರಿರಬೇಕು?

ಸನತ್‌ನಗರದ ಕರೆಂಟು ಕಂಬಗಳಿಗೆ ಅಂಟಿಸಿದ ಚೀಟಿಗಳನ್ನು ಓದುವ ಚಟ ನನಗೆ ಮೊದಲಿನಿಂದಲೂ ಇದೆ. ಈ ಊರಿಗೆ ವರ್ಗವಾಗಿ ಬಂದ ಹೊಸತರಲ್ಲಿ ಟು-ಲೆಟ್, ಟೈಪಿಂಗ್ ಕ್ಲಾಸು, ಲೇಡೀಸ್ ಹಾಸ್ಟೆಲ್ ಇಂಥವೇ ಇರುತ್ತಿದ್ದವು. ಈಗ ಎಲ್ಲಿ ನೋಡಿದರೂ 'ವೃದ್ಧರ ಆರೈಕೆಗೆ ಆಯಾ ಬೇಕೆ? 12 ಗಂಟೆ, 24 ಗಂಟೆ' ಅನ್ನುವ ಚೀಟಿ. ಆಶ್ಚರ್ಯವೇನೂ ಇಲ್ಲ ಬಿಡಿ. ಆಲ್ವಿನ್ ಕಾರ್ಖಾನೆ ನಡೆಯುತ್ತಿದ್ದ ಕಾಲಕ್ಕೆ ನೌಕರಿಗೆ ಸೇರಿ ಇಲ್ಲೇ ಮನೆ ಕಟ್ಟಿಕೊಂಡವರಿಗೆ ಈಗ ಎಂಬತ್ತರ ಆಸುಪಾಸು. ಮಕ್ಕಳು ಗಚ್ಚಿಬೌಲಿಯಲ್ಲೋ ಅಮೆರಿಕದಲ್ಲೋ ಇದ್ದಾರೆ.

ನಮ್ಮ ಕನ್ನಡದ ಗೆಳೆಯರಲ್ಲಿ ನಾಲ್ಕು ಜನ ಈ ವರ್ಷ ನನ್ನನ್ನು ಒಂದೇ ಪ್ರಶ್ನೆ ಕೇಳಿದರು: 'ನಿಮ್ಮ ಅವ್ವನ್ನ ನೋಡಿಕೊಳ್ಳೋಕೆ ಹೆಂಗ್ ಮಾಡೀರಿ?' ಪ್ರತಿಯೊಬ್ಬರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಇಲ್ಲೇ ಬರೆದುಬಿಡ್ತೀನಿ.

ನಮ್ಮವ್ವನಿಗೆ 83. ಲಿಂಗಸುಗೂರು ಕಡೆಯವಳು. ಅಪ್ಪ ಹೋದ ಮೇಲೆ ನಮ್ಮ ಜೊತೆ ಬಂದಿದ್ದಾಳೆ. ದೊಡ್ಡ ರೋಗವೇನಿಲ್ಲ, ಬಿಪಿ ಗುಳಿಗೆ ಒಂದು, ಮೊಣಕಾಲು ನೋವು ಮತ್ತೊಂದು. ಆದರೆ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಒಬ್ಬರು ನಿಲ್ಲಬೇಕು, ಒಲೆ ಹಚ್ಚಿದ್ದು ಮರೆತುಬಿಡ್ತಾಳೆ. ನಾನು ಬ್ರಾಂಚಿಗೆ, ಮನೆಯವಳು ಸ್ಕೂಲಿಗೆ. ಬೆಳಗಿನ 9ರಿಂದ ಸಂಜೆ 6ರ ತನಕ ಅವ್ವ ಮತ್ತು ಟಿವಿ, ಅಷ್ಟೇ.

ಮೊದಲು ಬಗೆಹರಿಸಿಕೊಳ್ಳಬೇಕಾದ್ದು, ನಮಗೆ ಬೇಕಾಗಿರುವುದು ನರ್ಸೋ, ಆಯಾನೋ ಅಂತ. ಇಂಜೆಕ್ಷನ್, ಇನ್ಸುಲಿನ್, ಗಾಯದ ಡ್ರೆಸ್ಸಿಂಗ್, ಮೂತ್ರದ ನಳಿಕೆ ಇವೆಲ್ಲ ನರ್ಸಿನ ಕೆಲಸ. ಸ್ನಾನಕ್ಕೆ ಆಸರೆ, ಬಟ್ಟೆ ಉಡಿಸೋದು, ಊಟಕ್ಕೆ ಬಡಿಸೋದು, ಕೈಹಿಡಿದು ಟೆರೇಸಿನ ಮೇಲೆ ನಾಲ್ಕು ಹೆಜ್ಜೆ ಹಾಕಿಸೋದು, ಗುಳಿಗೆ ಹೊತ್ತಿಗೆ ಸರಿಯಾಗಿ ನೆನಪು ಮಾಡೋದು, ಇದು ಆಯಾ ಮಾಡುವ ಕೆಲಸ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಒಬ್ಬರು ನರ್ಸಿನ ದುಡ್ಡು ಕೊಟ್ಟು ಹಗಲೆಲ್ಲ ಅವಳನ್ನು ಕೂಡಿಸಿಟ್ಟಿದ್ದರು. ಇನ್ನೊಂದು ಮನೆಯಲ್ಲಿ ಆಯಾ ಕೈಯಲ್ಲೇ ಇನ್ಸುಲಿನ್ ಕೊಡಿಸುತ್ತಿದ್ದರು. ಎರಡನೆಯದು ಅಪಾಯ. 'ಜನರಲ್ ಡ್ಯೂಟಿ ಅಸಿಸ್ಟೆಂಟ್', 'ಹೋಮ್ ಹೆಲ್ತ್ ಏಡ್' ಅಂತ ಸರಕಾರದ ಕೌಶಲ್ಯ ತರಬೇತಿಗಳಿವೆ. ಏಜೆನ್ಸಿಯವರು 'ಟ್ರೇನ್ಡ್ ಸಾರ್' ಅಂದರೆ ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ. ಕೇಳಿದ ಕೂಡಲೇ ಕೆಲವರ ಮುಖ ನೋಡಬೇಕು!

ಎರಡನೆಯದು ಅಗ್ರಿಮೆಂಟು. ಸಾಲದ ಅರ್ಜಿಗಳನ್ನು ಓದಿ ಓದಿ ಕಣ್ಣು ಕಳಕೊಂಡವನು ನಾನು, ಇದನ್ನೂ ಹಾಗೇ ಓದಿದೆ. ನಮಗೆ ಬಂದ ಏಜೆನ್ಸಿ (ಹೆಸರು ಬೇಡ) ಹೇಳಿದ್ದು 24 ಗಂಟೆಗೆ ತಿಂಗಳಿಗೆ 22,000, ಹಗಲಿಗೆ ಮಾತ್ರವಾದರೆ 15,000, ಮೇಲೆ ರಿಜಿಸ್ಟ್ರೇಷನ್ ಬೇರೆ, ಅದು ವಾಪಸ್ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇನ್ನೂ ಇತ್ತು. ಆಯಾ ಬಿಟ್ಟು ಹೋದರೆ ಬದಲಿ ಕಳಿಸಲು 'ಸೂಕ್ತ ಕಾಲಾವಕಾಶ', ಅಂದರೆ ಎಷ್ಟು ದಿನ ಅಂತ ಬರೆದಿಲ್ಲ. ನಾನು ಎರಡು ದಿನ ಅಂತ ಬರೆಸಿದೆ. ವಾರದ ರಜೆಯ ಮಾತೇ ಇರಲಿಲ್ಲ. ಅದನ್ನೂ ಬರೆಸಿದೆ. 24 ಗಂಟೆ ಅಂದರೆ ಅವಳು ಮಲಗುವುದು ಯಾವಾಗ, ಎಲ್ಲಿ, ಅನ್ನುವುದನ್ನು ಕೇಳಿದವನು ನಾನೇ ಮೊದಲನೆಯವನಂತೆ.

ಆಮೇಲೆ ಇನ್ನೊಂದು ಕೇಳಿದೆ: ಈ 15,000ದಲ್ಲಿ ಅವಳ ಕೈಗೆ ಎಷ್ಟು? ಮ್ಯಾನೇಜರು ಗಂಟಲು ಸರಿಮಾಡಿಕೊಂಡ. ಕೊನೆಗೆ ಉತ್ತರ ಬಂದದ್ದು ಅವಳಿಂದಲೇ: 9,000. ಉಳಿದದ್ದು ಯಾಕೆ ಅಂದರೆ ಆಫೀಸು ಖರ್ಚಂತೆ. ನಮ್ಮ ತಾಯಂದಿರ ಮೈ ತೊಳೆಯುವ ಕೈಗೆ ಅಷ್ಟೇ ಸಿಗುತ್ತಿದ್ದರೆ ಅವಳು ಆರು ತಿಂಗಳಲ್ಲಿ ಬಿಟ್ಟು ಹೋಗದೆ ಇನ್ನೇನು ಮಾಡ್ತಾಳೆ, ನೀವೇ ಹೇಳಿ. ಕಮಿಷನ್ ಕಡಿಮೆ ತಗೊಳ್ಳುವ ಏಜೆನ್ಸಿಯೇ ವಾಸಿ ಅಂತ ನನ್ನ ಲೆಕ್ಕ.

ಬಂದವಳು ಶ್ರೀಕಾಕುಳಂ ಕಡೆಯ ಹೆಣ್ಣುಮಗಳು. ಆಧಾರ್, ಊರಿನ ವಿಳಾಸ, ಫೋಟೋ ಎಲ್ಲ ಇಸಿದುಕೊಂಡು ಪೊಲೀಸ್ ಠಾಣೆಗೂ ವಿವರ ಕೊಟ್ಟೆವು. ಕೆಲಸದಲ್ಲಿ ಬೆರಳು ತೋರಿಸುವ ಹಾಗಿರಲಿಲ್ಲ, ಪ್ರಾಮಾಣಿಕಳು. ಅವ್ವ ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು 'ಯಾವ ಮಂದಿ ಅಕಿ?' ಅಂದಳು. ಈ ಪ್ರಶ್ನೆ ಬರುತ್ತದೆ, ನಿಮ್ಮ ಮನೆಯಲ್ಲೂ ಬರುತ್ತದೆ. 'ನಮ್ಮ ಮನಿಗೆ ಬಂದ ಮಂದಿ, ಅಡಗಿಮನಿಗೂ ಬರ್ತಾಳ' ಅಂದೆ. ಅವ್ವ ಎರಡು ದಿನ ಮುಖ ಊದಿಸಿಕೊಂಡಿದ್ದಳು, ಆಮೇಲೆ ಅದು ತಾನಾಗಿ ಇಳಿಯಿತು.

ಇಳಿಯದೇ ಉಳಿದದ್ದು ಬೇರೆ. ತಿಂಗಳಾಗುವ ಹೊತ್ತಿಗೆ ಅವ್ವ ಮಾತು ಕಡಿಮೆ ಮಾಡಿದಳು. ಊಟ ಅರ್ಧಕ್ಕೆ ಬಿಡೋದು, ಹಗಲೆಲ್ಲ ಮಲಗೋದು. ಡಾಕ್ಟರಿಗೆ ತೋರಿಸಿದ್ದಾಯ್ತು, ರಕ್ತ ಪರೀಕ್ಷೆ ಎಲ್ಲ ಸರಿ ಇತ್ತು. ಒಂದು ರಾತ್ರಿ ಕಾಲೊತ್ತುತ್ತಾ ಕೇಳಿದೆ, 'ಯಾಕವ್ವಾ, ಅಕಿ ಸರಿ ನೋಡಂಗಿಲ್ಲೇನು?'

'ಛಲೋ ನೋಡ್ತಾಳಪಾ. ಆದ್ರ ನನಗ ಸಂತಿ ಮಾಡೋವಷ್ಟು ತೆಲುಗು ಬರ್ತದ, ಸಂಕಟ ಹೇಳೋವಷ್ಟು ಬರಂಗಿಲ್ಲ' ಅಂದಳು.

ನಾವು ಇಷ್ಟು ವರ್ಷದಿಂದ ಇಲ್ಲಿರುವವರು. ಬ್ಯಾಂಕಿನಲ್ಲಿ ತೆಲುಗು, ತರಕಾರಿ ಅಂಗಡಿಯಲ್ಲಿ ಹಿಂದಿ, ಮನೆಯಲ್ಲಿ ಕನ್ನಡ, ಹೀಗೆ ಬದುಕಿ ರೂಢಿ. ಅವ್ವ ಬಂದದ್ದು ಎಪ್ಪತ್ತು ದಾಟಿದ ಮೇಲೆ. 'ಬೆನ್ನು ಹಿಡಕೊಂಡದ' ಅನ್ನೋದಕ್ಕೂ 'ಬೆನ್ನು ಜುಮ್ ಅಂತದ' ಅನ್ನೋದಕ್ಕೂ ಇರುವ ವ್ಯತ್ಯಾಸ ಗೊತ್ತಾಗದವರ ಹತ್ತಿರ ಅವಳು ಹೇಳೋದಾದರೂ ಏನನ್ನ?

ಕನ್ನಡ ಬಲ್ಲವರನ್ನು ಹುಡುಕುವುದು ಸುಲಭವಾಗಲಿಲ್ಲ. ರಾಯಚೂರಿನ ನಂಟರಿಗೆಲ್ಲ ಫೋನ್ ಮಾಡಿದೆ. ಹುಡುಗಿಯರೆಲ್ಲ ಬೆಂಗಳೂರಿಗೆ ಹೋಗ್ಯಾರ ಅಂದರು. ಕೊನೆಗೆ ದಾರಿ ತೋರಿದ್ದು ನಮ್ಮ ಬ್ರಾಂಚಿನ ಸೆಕ್ಯೂರಿಟಿ ಗಾರ್ಡ್. ನಾರಾಯಣಪೇಟ ಜಿಲ್ಲೆಯ ಕೃಷ್ಣಾ, ಮಾಗನೂರು ಕಡೆ ಕನ್ನಡ ಮನೆಮಾತಿನವರು ಬೇಕಾದಷ್ಟು ಜನ ಇದ್ದಾರೆ. ರಾಯಚೂರಿನ ರೈಲಿನಲ್ಲಿ ಬಂದುಹೋದವರಿಗೆ ಕೃಷ್ಣಾ ಸ್ಟೇಷನ್ ಗೊತ್ತಿರುತ್ತದೆ, ಹೊಳೆಯ ಆಚೆ ದಂಡೆ ನಮ್ಮದು, ಈಚೆ ದಂಡೆ ತೆಲಂಗಾಣ. ಆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬವೊಂದು ಮೂಸಾಪೇಟೆಯಲ್ಲಿದೆ, ಆ ಮನೆಯ ಹೆಣ್ಣುಮಗಳಿಗೆ ಕೆಲಸ ಬೇಕಿತ್ತು. ತರಬೇತಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಏಜೆನ್ಸಿಯವರಿಗೆ ಒಂದು ತಿಂಗಳ ನೋಟಿಸ್ ಕೊಟ್ಟು ಲೆಕ್ಕ ಚುಕ್ತಾ ಮಾಡಿದೆವು. ಆ ತಿಂಗಳು ಹೊಸಬಳು ಬೆಳಿಗ್ಗೆ ಎರಡು ಗಂಟೆ ಬಂದು ಶ್ರೀಕಾಕುಳಂದವಳಿಂದ ಎಬ್ಬಿಸುವುದು, ಕೂಡಿಸುವುದು, ಸ್ನಾನದ ಸ್ಟೂಲ್ ಇಡುವುದು ಎಲ್ಲ ಕಲಿತಳು. ಈಗ ಅವಳಿಗೆ ನೇರ 14,000, ಭಾನುವಾರ ರಜೆ, ಸಂಬಳ ಅವಳ ಅಕೌಂಟಿಗೇ. (ಅಕೌಂಟ್ ತೆಗೆದುಕೊಟ್ಟವನು ನಾನೇ, ಅದು ಬಿಡಿ.) ಏಜೆನ್ಸಿ ಇಲ್ಲದಿದ್ದರೆ ಬದಲಿ ಆಳು ಸಿಗುವುದಿಲ್ಲ, ಆ ಕಷ್ಟ ಇದ್ದೇ ಇದೆ. ಒಬ್ಬರೇ ಇರುವ ಹಿರಿಯರಿಗೆ ನಾನು ಈ ದಾರಿ ಹೇಳುವುದಿಲ್ಲ, ಅವರಿಗೆ ಒಳ್ಳೆ ಏಜೆನ್ಸಿಯೇ ಸರಿ.

ಇನ್ನು ನನ್ನ ಕಸುಬಿನ ಮಾತು ಒಂದೆರಡು. ಆಯಾ ಎಷ್ಟೇ ನಂಬಿಗಸ್ತಳಾಗಿರಲಿ, ಎಟಿಎಂ ಕಾರ್ಡು, ಪಿನ್ನು ಅವಳ ಕೈಗೆ ಹೋಗಬಾರದು. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಮೊದಲು ಬೆರಳು ತೋರಿಸುವುದು ಅವಳ ಕಡೆಗೇ. ನನ್ನ ಕೌಂಟರಿಗೆ ಹಿರಿಯರನ್ನು ಕೈಹಿಡಿದು ಕರೆತಂದು 'ಸೈನ್ ಮಾಡಿ ತಾತಾ' ಅನ್ನುವವರನ್ನು ನೋಡಿದರೆ ನಾನು ಹಿರಿಯರನ್ನು ಕ್ಯಾಬಿನ್ನಿಗೆ ಒಬ್ಬರೇ ಕರೆದು ಮಾತಾಡಿಸ್ತೀನಿ. 70 ದಾಟಿದವರಿಗೆ ಮನೆಗೇ ಹೋಗಿ ನಗದು ಕೊಡುವ, ಲೈಫ್ ಸರ್ಟಿಫಿಕೇಟ್ ಪಡೆಯುವ ಸೌಲಭ್ಯ ಕೊಡಿ ಅಂತ ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೇಳಿ, ಕೇಳದೆ ಯಾರೂ ಹೇಳುವುದಿಲ್ಲ. ಪಿಂಚಣಿಯ ಲೈಫ್ ಸರ್ಟಿಫಿಕೇಟನ್ನು 2014ರಲ್ಲಿ ಬಂದ 'ಜೀವನ್ ಪ್ರಮಾಣ್' ಮೂಲಕ ಈಗ ಮೊಬೈಲಿನಲ್ಲಿ ಮುಖ ತೋರಿಸಿಯೇ ಕೊಡಬಹುದು. ಅವ್ವನದು ಹಾಗೇ ಮಾಡಿಸಿದೆವು. 'ಫೋನಿಗೆ ನಾ ಬದಕೀನಿ ಅಂತ ಹೇಳಬೇಕೇನು?' ಅಂತ ನಕ್ಕಳು. ಆಯಾ ಕಡೆಯಿಂದಾಗಲಿ, ಸ್ವಂತ ಮಕ್ಕಳಿಂದಲೇ ಆಗಲಿ ತೊಂದರೆಯಾದರೆ 14567ಕ್ಕೆ ಫೋನ್ ಮಾಡಬಹುದು, ಹಿರಿಯರಿಗಾಗಿಯೇ ಇರುವ ಸಹಾಯವಾಣಿ ಅದು. ದೇಶಕ್ಕೆಲ್ಲ ಬರುವ ಮೊದಲು ನಮ್ಮ ಹೈದರಾಬಾದಿನಲ್ಲೇ ಶುರುವಾದದ್ದು. ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ.

ಅವ್ವ ಈಗ ಪೂರ್ತಿ ಊಟ ಮಾಡ್ತಾಳೆ ಅಂತ ಬರೆಯಲಾರೆ, ವಯಸ್ಸಿನ ಊಟ ವಯಸ್ಸಿನಷ್ಟೇ. ಆದರೆ ಸಂಜೆ ನಾನು ಮೆಟ್ಟಿಲು ಹತ್ತುವಾಗ ಒಳಗಿಂದ ಇಬ್ಬರೂ ಜಗಳ ಆಡುವುದು ಕೇಳಿಸುತ್ತದೆ, ಬದನೆಕಾಯಿ ಎಣ್ಣೆಗಾಯಿಗೆ ಗುರೆಳ್ಳು ಎಷ್ಟು ಹಾಕಬೇಕು ಅಂತ.

ಮುಂದಿನ ವಾರ ಅವಳು ಊರ ಜಾತ್ರೆಗೆ ನಾಲ್ಕು ದಿನ ರಜೆ ಕೇಳಿದ್ದಾಳೆ. ಸೋಮವಾರ ನಾನು, ಮಂಗಳವಾರ ಮನೆಯವಳು, ಗುರುವಾರ ಪುಣೆಯಿಂದ ಮಗ ಬರ್ತಾನೆ. ಬುಧವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.