ಅಕ್ಕನ ನ್ಯಾಸ

ಬೆಳಗಾವಿ ಜಿಲ್ಲೆಯ ಒಂದು ಪೇಟೆಯಲ್ಲಿ ಬಟ್ಟೆಯ ವ್ಯಾಪಾರ ನಡೆಸಿದ್ದ ಶ್ರಾವಕರೊಬ್ಬರು ತಮ್ಮ ಮೃತ್ಯುಪತ್ರದಲ್ಲಿ ಹಿರಿಯ ಮಗನನ್ನೇ ನಿರ್ವಾಹಕನನ್ನಾಗಿ ನೇಮಿಸಿದ್ದರು. ಮಕ್ಕಳು ನಾಲ್ವರು: ಒಬ್ಬಳು ಅಕ್ಕ, ಮೂವರು ತಮ್ಮಂದಿರು. ಅಂಗಡಿ, ಮನೆ, ಹೊಲಗಳ ವಿಷಯದಲ್ಲಿ ತಂದೆಯ ಮಾತು ಸ್ಪಷ್ಟವಾಗಿತ್ತು, ತಕರಾರು ಹುಟ್ಟಲಿಲ್ಲ. ತಿಜೋರಿಯ ಬಂಗಾರವನ್ನು ಮಾತ್ರ ನಾಲ್ವರೂ ಸಮನಾಗಿ ಹಂಚಿಕೊಳ್ಳತಕ್ಕದ್ದೆಂದಷ್ಟೇ ಬರೆದಿದ್ದರು.

ಆ ಬಂಗಾರದಲ್ಲಿ ಅಕ್ಕನದೂ ಸೇರಿತ್ತು. ಮೂವತ್ತು ವರ್ಷಗಳ ಹಿಂದೆ, ಗಂಡನ ಮನೆ ಪಾಲಾಗುವ ಗದ್ದಲದಲ್ಲಿ, ಆಕೆ ತನ್ನ ಒಡವೆಗಳನ್ನು ಕರಗಿಸಿ ಗಟ್ಟಿ ಮಾಡಿಸಿ ತವರಿನಲ್ಲಿ ಇರಿಸಿದ್ದಳು. "ನನ್ನದು ಎಂಟು ತೊಲೆ, ತಮ್ಮಾ. ಅಷ್ಟು ತೆಗೆದಿಟ್ಟು ಉಳಿದದ್ದನ್ನು ಹಂಚು" ಎಂದಳು. ಯಾರೂ ಅಲ್ಲಗಳೆಯಲಿಲ್ಲ. ಆದರೆ ತಂದೆಯ ಸಾಲ-ಬಾಕಿ ತಿಳಿಯಲೆಂದು ಹಳೆಯ ಕೀರ್ದಿಗಳನ್ನು ತಿರುವುತ್ತಿದ್ದ ನಿರ್ವಾಹಕನಿಗೆ ಎರಡು ವರ್ಷಗಳ ತರುವಾಯದ ಇನ್ನೊಂದು ನಮೂದು ಕಂಡಿತು: ಮಗಳು ಇಡಲು ಕೊಟ್ಟದ್ದು, ನಾಲ್ಕು ತೊಲೆ. ಗಂಡನ ಕಾಯಿಲೆಯ ದಿನಗಳವು. ಆಕೆಗೆ ಅದು ಮರೆತೇಹೋಗಿತ್ತು.

1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದಂತೆ ಮೃತರ ಸ್ವತ್ತು ನಿರ್ವಾಹಕನ ವಶಕ್ಕೆ ಬರುತ್ತದೆ, ಅವನ ಉಪಭೋಗಕ್ಕಲ್ಲ. ಅಂತ್ಯಕ್ರಿಯೆಯ ವೆಚ್ಚ, ಸಾಲ ತೀರಿದ ಮೇಲೆಯೇ ಪಾಲು. ಮರಣದಿಂದ ಒಂದು ವರ್ಷದವರೆಗೆ ಪಾಲು ಕೊಡೆಂದು ಅವನನ್ನು ನಿರ್ಬಂಧಿಸುವಂತಿಲ್ಲ. ಪ್ರೊಬೇಟ್ ಪಡೆದಿದ್ದರೆ ಆರು ತಿಂಗಳೊಳಗೆ ಸ್ವತ್ತಿನ ಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ನ್ಯಾಯಾಲಯಕ್ಕೆ ಒಪ್ಪಿಸಬೇಕು. ಇವೆಲ್ಲ ವಕೀಲರು ತಿಳಿಸಬಲ್ಲ ಸಂಗತಿಗಳು. ಪರರ ಸ್ವತ್ತನ್ನು ಮೃತ್ಯುಪತ್ರದಿಂದ ಹಂಚಲಾಗದೆಂಬುದನ್ನೂ ಅವರು ಹೇಳಿಯಾರು. ಆದರೆ ಒಡತಿಯೇ ಕಡಿಮೆ ಕೇಳಿದಾಗ, ಕೀರ್ದಿ ಒಬ್ಬನ ಕೈಯಲ್ಲಿ ಮಾತ್ರ ಇದ್ದಾಗ, ವಕೀಲರಿಗೆ ತಿಳಿಯುವ ಬಗೆಯೆಂತು?

ಕಿರಿಯ ತಮ್ಮನಿಗೆ ವಿಷಯ ತಿಳಿಸಿದಾಗ ಆತ ಹೇಳಿದ್ದು: "ಅಣ್ಣಾ, ಅಕ್ಕನೇ ಎಂಟು ಎಂದ ಮೇಲೆ ನಾವೇಕೆ ಹನ್ನೆರಡೆನ್ನಬೇಕು? ಅವಳಿಗೂ ಅದರಲ್ಲಿ ಒಂದು ತೊಲೆ ಬಂದೇ ಬರುತ್ತದಲ್ಲ." ದುರಾಶೆಯ ಮನುಷ್ಯನ ಮಾತಲ್ಲ ಇದು; ಅವನ ಅಂಗಡಿಗೆ ಆ ವರ್ಷ ನಷ್ಟವಾಗಿತ್ತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ನ್ಯಾಸಾಪಹಾರವೂ ಒಂದು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ಕೊಡುವ ವಿವರಣೆ ಈ ಮನೆಯನ್ನೇ ಕಂಡು ಬರೆದಂತಿದೆ: ಇಟ್ಟವನು ಎಣಿಕೆ ಮರೆತು ಕಡಿಮೆ ಕೇಳಿದಾಗ ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು. ಗಮನಿಸತಕ್ಕದ್ದೆಂದರೆ, ಇದನ್ನು ಅಚೌರ್ಯದ ಅತಿಚಾರಗಳೊಡನೆ ಎಣಿಸಿಲ್ಲ. ಕೈ ಏನನ್ನೂ ಕದಿಯುವುದಿಲ್ಲ; ‘ಹೌದು’ ಎಂಬ ನುಡಿಯೇ ಅಪರಾಧಿ. ತಲೆದೂಗಿ ಸುಮ್ಮನಿರುವ ಮೌನವನ್ನು ಬೇರೆಯಾಗಿ ಕಾಣಲು ಕಾರಣ ತೋರದು.

ಹಿರಿಯ ಮಗ ಅಕ್ಕನ ನ್ಯಾಸ ಹನ್ನೆರಡು ತೊಲೆಯೆಂದು ಪಟ್ಟಿಯಲ್ಲಿ ಬರೆದ. ಸಹಿಗೆ ಮೊದಲು ಕೀರ್ದಿಯ ಎರಡೂ ಪುಟಗಳನ್ನು ಎಲ್ಲರ ಮುಂದೆ ತೆರೆದಿಟ್ಟ. ಅಕ್ಕ ನಂಬಲಿಲ್ಲ, ತನ್ನ ಮೇಲಿನ ಕನಿಕರದಿಂದ ತಮ್ಮ ಹೆಚ್ಚಿಸಿದ್ದಾನೆಂದು ತಿಳಿದು, ಬೇಡವೆಂದಳು. ತಂದೆಯ ಮೋಡಿ ಅಕ್ಷರ ಓದಬಲ್ಲವನು ಕಿರಿಯನೊಬ್ಬನೇ. ಅವನೇ ಆ ಸಾಲನ್ನು ಓದಿ ಹೇಳಬೇಕಾಯಿತು. ಓದಿದ, ಸಹಿ ಹಾಕಿದ. ಸಂಜೆಯ ಊಟಕ್ಕೆ ಮಾತ್ರ ನಿಲ್ಲಲಿಲ್ಲ. ಅಕ್ಕ ಸೂರ್ಯಾಸ್ತದವರೆಗೂ ಅವನ ತಟ್ಟೆಯನ್ನು ಎತ್ತದೆ ಕಾದಳು.