ಮೂವತ್ತನಾಲ್ಕೂವರೆ

2019ರ ದಸರಾ ರಜೆಯ ಒಂದು ರಾತ್ರಿ. ತಿಪಟೂರಿನ ಒಂದು ಮನೆಯ ಹಜಾರದಲ್ಲಿ ತಂದೆ, ಮಗಳು ಎದುರುಬದುರು ಕುಳಿತಿದ್ದರು. ಇಬ್ಬರ ಕೈಯಲ್ಲೂ ಒಂದೊಂದು ಅಂಕಪಟ್ಟಿ. ಎರಡೂ ಒಂದೇ ಕಾಲೇಜಿನವು, ಒಂದೇ ಮಕ್ಕಳವು. ತಂದೆ ಗಟ್ಟಿಯಾಗಿ ಓದುವುದು, ಮಗಳು ಪೆನ್ಸಿಲಿನಿಂದ ಗುರುತು ಹಾಕುವುದು. ಅವರು ಸಹಕಾರಿ ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಲೆಕ್ಕ ಬರೆದ ಮನುಷ್ಯ. ತಾಳೆ ನೋಡದೆ ಯಾವ ಕಾಗದಕ್ಕೂ ರುಜು ಹಾಕಿದವರಲ್ಲ.

‘ಎಲ್ಲಾ ಸರಿಯಾಗಿದೆ ಅಪ್ಪಾ, ನಾನೇ ಪರೀಕ್ಷೆ ಮಾಡಿ ನೋಡಿದ್ದೀನಿ’ ಎಂದು ಮಗಳು ಆಗಲೇ ಎರಡು ಸಲ ಹೇಳಿಯಾಗಿತ್ತು.

‘ಸರಿಯಾಗಿದ್ರೆ ಒಳ್ಳೇದೇ ಆಯ್ತಲ್ಲ. ಮುಂದಿನ ಹೆಸರು ನೋಡು.’

ಮಗಳು ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಳು. ಪಿಯುಸಿ ಓದಿದ್ದು ಊರಿನಲ್ಲೇ. ಅಲ್ಲಿನ ಮೇಷ್ಟ್ರು ಒಂದು ಕೆಲಸ ವಹಿಸಿದ್ದರು. ಕಾಲೇಜಿನ ಎರಡು ಕಿರುಪರೀಕ್ಷೆಗಳ ಅಂಕ ಕೂಡಿ, ಸರಾಸರಿ ತೆಗೆದು, ಅರ್ಧ ಬಂದರೆ ಮೇಲಿನ ಅಂಕಕ್ಕೆ ಏರಿಸಿ, 35 ಮುಟ್ಟಿದವರನ್ನು ಪಾಸೆಂದು ಬರೆಯುವ ಪುಟ್ಟ ಪ್ರೋಗ್ರಾಂ ಅದು. ಹಿಂದೆ ಯಾರೋ ವಿದ್ಯಾರ್ಥಿ ಪೈಥಾನ್ 2ರಲ್ಲಿ ಬರೆದುಕೊಟ್ಟಿದ್ದ. ಲ್ಯಾಬಿಗೆ ಬಂದ ಹೊಸ ಕಂಪ್ಯೂಟರುಗಳಲ್ಲಿ ಇದ್ದದ್ದು ಪೈಥಾನ್ 3. ಆಫೀಸಿನ ಹಳೆಯ ಯಂತ್ರವನ್ನು ಮಾರ್ಚ್ ಮುಗಿಯುವವರೆಗೆ ಮುಟ್ಟುವಂತಿಲ್ಲ ಎಂದು ಗುಮಾಸ್ತರ ಕಟ್ಟಪ್ಪಣೆ. ಹಾಗಾಗಿ ಪ್ರೋಗ್ರಾಂ ಎರಡು ಕಡೆಯೂ ಓಡಬೇಕು, ಎರಡು ಕಡೆಯೂ ಒಂದೇ ಉತ್ತರ ಹೇಳಬೇಕು.

ಕಂಪ್ಯೂಟರ್ ಭಾಷೆಗೂ ಹಳತು ಹೊಸತು ಉಂಟೆ ಎಂದು ಕೇಳುವ ಪಾಲಕರಿಗೆ ರೈಲಿನ ಉದಾಹರಣೆ ಸಾಕು. ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ ಮೇಲೆ ಹಳೆಯ ಬೋಗಿ ಎಷ್ಟೇ ಗಟ್ಟಿಯಾಗಿರಲಿ, ಹೊಸ ಹಳಿಯ ಮೇಲೆ ನಿಲ್ಲುವುದಿಲ್ಲ. ಗೈಡೊ ವಾನ್ ರಾಸಮ್ ಕಟ್ಟಿದ ಪೈಥಾನಿನ ಮೂರನೆಯ ಆವೃತ್ತಿ 2008ರ ಡಿಸೆಂಬರ್ 3ರಂದು ಹೊರಬಂದಾಗ ಆದದ್ದೂ ಅದೇ. ಹಳೆಯ ತಪ್ಪುಗಳನ್ನು ತಿದ್ದಲೆಂದು ಬೇಕೆಂದೇ ಹಳಿ ಬದಲಿಸಿದ್ದರು. ಎರಡನೆಯ ಆವೃತ್ತಿಯನ್ನು 2015ಕ್ಕೆ ಕೈಬಿಡುವುದೆಂದು ಮೊದಲು ಗೊತ್ತುಮಾಡಿದ್ದರು. ಜಗತ್ತು ಅಷ್ಟು ಬೇಗ ಕದಲಲಿಲ್ಲ. 2014ರಲ್ಲಿ ಆ ಗಡುವನ್ನು 2020ಕ್ಕೆ ಮುಂದೂಡಬೇಕಾಯಿತು. ಈ ನಡುವಿನ ವರ್ಷಗಳಲ್ಲಿ ಎರಡೂ ಹಳಿಯ ಮೇಲೆ ಓಡುವ ಬೋಗಿ ಕಟ್ಟುವುದೇ ಎಷ್ಟೋ ಜನರಿಗೆ ದಿನದ ಕೆಲಸವಾಗಿತ್ತು. ಅದಕ್ಕೆ ನೆರವಾಗಲೆಂದೇ ಬಂದ ಒಂದು ಸಾಧನದ ಹೆಸರು ‘ಸಿಕ್ಸ್’. ಎರಡು ಮೂರಲ ಆರು, ಅದಕ್ಕೆ!

ಹುಡುಗಿ ಮೊದಲ ದಿನ ಓಡಿಸಿದಾಗ ಹೊಸ ಯಂತ್ರ ‘ಪ್ರಿಂಟ್’ ಎಂಬ ಮಾತಿಗೇ ತಕರಾರು ತೆಗೆಯಿತು. ಹೊಸದರಲ್ಲಿ ಅದಕ್ಕೆ ಆವರಣ ಚಿಹ್ನೆ ಹಾಕಲೇಬೇಕು. ಹೊಸ ಪ್ರಿಂಟನ್ನು ಹಳೆಯದಕ್ಕೆ ಎರವಲು ತರುವ ಒಂದು ಸಾಲು ಇದೆ. ಅದರಲ್ಲಿ ‘ಫ್ಯೂಚರ್’ ಎಂಬ ಪದವೇ ಬರುತ್ತದೆ. ಹಳೆಯ ಯಂತ್ರಕ್ಕೆ ಭವಿಷ್ಯದಿಂದ ಸಾಲ! ಅದನ್ನು ಬರೆದಳು, ಅದು ಹೋಯಿತು. ಆಮೇಲೆ ಹೆಸರುಗಳ ಕಾಲಂ ಸೊಟ್ಟಗಾಯಿತು. ‘ಕನ್ನಡ’ ಎಂಬ ಪದದ ಉದ್ದ ಎಷ್ಟೆಂದು ಕೇಳಿದರೆ ಹಳೆಯ ಪೈಥಾನ್ 15 ಎನ್ನುತ್ತದೆ, ಹೊಸದು 5 ಎನ್ನುತ್ತದೆ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಹಳೆಯದು ಬೈಟುಗಳನ್ನು ಎಣಿಸುತ್ತದೆ, ಹೊಸದು ಯುನಿಕೋಡ್ ಸಂಕೇತಗಳನ್ನು. ಎರಡಕ್ಕೂ ಒತ್ತಕ್ಷರದ ಗೊಡವೆಯಿಲ್ಲ. ಅದನ್ನೂ ಸರಿಪಡಿಸಿದಳು. ಭಾಗಾಕಾರದಲ್ಲೂ ಒಂದು ಗುಂಡಿ ಇತ್ತು: 7ನ್ನು 2ರಿಂದ ಭಾಗಿಸಿದರೆ ಹಳೆಯದರಲ್ಲಿ 3, ಹೊಸದರಲ್ಲಿ 3.5. ಆದರೆ ಹಿಂದಿನ ಹುಡುಗ ಜಾಣ, 2 ಎನ್ನುವ ಬದಲು 2.0 ಎಂದು ಬರೆದು ಆ ಗುಂಡಿಯನ್ನು ಮೊದಲೇ ಮುಚ್ಚಿದ್ದ.

ಕೂಗಿ ಹೇಳುವ ತಪ್ಪುಗಳ ಭಯವಿಲ್ಲ, ಅವು ತಾವಾಗಿಯೇ ಸಿಕ್ಕಿಬೀಳುತ್ತವೆ. ಆ ರಾತ್ರಿ ಸಿಕ್ಕಿದ್ದು ಬೇರೆ ಜಾತಿಯದು.

‘ಗಣಿತ, ಮೂವತ್ತೈದು’ ಎಂದು ತಂದೆ ಓದಿದರು.

ಮಗಳ ಪೆನ್ಸಿಲು ನಿಂತಿತು. ಅವಳ ಪಟ್ಟಿಯಲ್ಲಿ 34, ಪಕ್ಕದಲ್ಲಿ ಫೇಲು.

ಒಂದು ಪರೀಕ್ಷೆಯಲ್ಲಿ 34, ಇನ್ನೊಂದರಲ್ಲಿ 35. ಸರಾಸರಿ ಮೂವತ್ತನಾಲ್ಕೂವರೆ. ಹಳೆಯ ಪೈಥಾನಿನ ‘ರೌಂಡ್’ ಅದನ್ನು 35 ಮಾಡುತ್ತದೆ. ಹೊಸದರ ‘ರೌಂಡ್’ ಅರ್ಧ ಬಂದಾಗ ಹತ್ತಿರದ ಸರಿಸಂಖ್ಯೆಗೆ ಹೋಗುತ್ತದೆ. ಅಂದರೆ 34ಕ್ಕೆ ಇಳಿಯುತ್ತದೆ. ಹುಡುಗಿ ಪರೀಕ್ಷೆ ಮಾಡಿ ನೋಡಿದ್ದು ಸುಳ್ಳಲ್ಲ. ಆದರೆ ಅವಳು ಕೊಟ್ಟಿದ್ದ ಅಂಕ 47.5. ಅದು ಎರಡರಲ್ಲೂ 48 ಆಗುತ್ತದೆ! ಯಂತ್ರ ತಕರಾರು ತೆಗೆಯಲಿಲ್ಲ, ತಪ್ಪೆನ್ನಲಿಲ್ಲ. ಅಚ್ಚುಕಟ್ಟಾಗಿ ಪಟ್ಟಿ ಮುದ್ರಿಸಿಕೊಟ್ಟಿತ್ತು.

ಹೊಸದರ ರೀತಿ ಮೂರ್ಖತನದ್ದೇನೂ ಅಲ್ಲ. ಸಾವಿರಾರು ಅರ್ಧಗಳನ್ನು ಯಾವಾಗಲೂ ಮೇಲಕ್ಕೇ ಏರಿಸುತ್ತ ಹೋದರೆ ಒಟ್ಟು ಮೊತ್ತ ಉಬ್ಬುತ್ತದೆ. ಸರಿಸಂಖ್ಯೆಗೆ ಹೋದರೆ ಕೆಲವು ಏರಿ, ಕೆಲವು ಇಳಿದು ತೂಕ ಸರಿಹೋಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಬ್ಯಾಂಕಿನವರ ಹೆಸರೇ ಇದೆ. ಮಗಳು ಹೀಗೆಂದಾಗ ತಂದೆಗೆ ನಗು ಬಂತು. ‘ಬಡ್ಡಿ ಲೆಕ್ಕಕ್ಕೆ ಇರಲಿ. ಅರ್ಧ ಬಂದ್ರೆ ಮೇಲಕ್ಕೆ ಅಂತ ನಿಮ್ಮ ಕಾಲೇಜಿನೋರು ಮಕ್ಕಳಿಗೆ ಹೇಳಿದ್ದಾರೋ ಇಲ್ವೋ?’

ಹೇಳಿದ್ದರು. ನೋಟಿಸ್ ಬೋರ್ಡಿನಲ್ಲೇ ಇತ್ತು.

ರೌಂಡ್‌ಗೆ ‘ಫ್ಯೂಚರ್’ನಲ್ಲಿ ಎರವಲು ಸಿಗುವುದಿಲ್ಲ. ಹುಡುಗಿ ಆ ಪದವನ್ನೇ ತೆಗೆದಳು. ಸರಾಸರಿಗೆ 0.5 ಕೂಡಿಸಿ, ದಶಾಂಶದ ಭಾಗವನ್ನು ಕತ್ತರಿಸುವ ಒಂದು ಸಾಲು ಬರೆದಳು. ಮೂವತ್ತನಾಲ್ಕೂವರೆಗೆ ಅರ್ಧ ಸೇರಿದರೆ 35. ಯಾವ ಪೈಥಾನಿನಲ್ಲಾದರೂ ಅಷ್ಟೇ. ಅದರ ಮೇಲೆ, ಮುಂದೆ ಯಾರಾದರೂ ‘ಜಾಣತನ’ದಿಂದ ಬದಲಿಸದಿರಲೆಂದು, ಯಾಕೆ ಹೀಗೆ ಬರೆದಿದೆ ಎಂಬ ಟಿಪ್ಪಣಿಯನ್ನೂ ಸೇರಿಸಿದಳು. ಪರೀಕ್ಷೆಗೆ ಈ ಸಲ 34.5, 35.5, 42.5 ಎಲ್ಲವನ್ನೂ ಕೊಟ್ಟಳು.

ಮರುದಿನ ಕಾಲೇಜಿಗೆ ಹೋಗಿ ಎರಡೂ ಯಂತ್ರಗಳಲ್ಲಿ ಓಡಿಸಿ, ಹೊಸದಾಗಿ ಎರಡು ಪಟ್ಟಿ ತಂದಳು. ಗಣಿತದ ಆ ಹುಡುಗ ಎರಡರಲ್ಲೂ ಪಾಸಾಗಿದ್ದ. ಅವನದೊಂದೇ ತೋರಿಸಿ ಎದ್ದುಹೋಗುವವಳಿದ್ದಳು.

ತಂದೆ ಕನ್ನಡಕ ಒರೆಸಿ ಹಾಕಿಕೊಂಡರು. ‘ಕೂತ್ಕೋ’ ಎಂದು ಮೊದಲನೆಯ ಹೆಸರಿನಿಂದ ಓದತೊಡಗಿದರು.